‘ಸ್ಟ್ಯಾಂಡ್ ಅಪ್ ಟು’ ಕೈಕೊಟ್ಟಾಗ: ದೋಷ ಪತ್ತೆ ಮತ್ತು ನಿವಾರಣೆ

ಪರಿಚಿತರೊಬ್ಬರು ತಿದ್ದಿಕೊಡಿ ಎಂದು ನನ್ನ ಕೈಗಿತ್ತ ಉದ್ಯೋಗದ ಅರ್ಜಿಯಲ್ಲಿ ‘ಐ ಸ್ಟುಡ್ ಅಪ್ ಮೈ ಮ್ಯಾನೇಜರ್ ಇನ್ ಎವ್ರಿ ಪ್ರಾಜೆಕ್ಟ್’ ಎಂಬ ವಾಕ್ಯವಿತ್ತು. ಅದರಲ್ಲಿ ಕಾಗುಣಿತ ತಪ್ಪಿರಲಿಲ್ಲ, ಕ್ರಿಯಾಪದದ ಕಾಲ ತಪ್ಪಿರಲಿಲ್ಲ, ಕಂಪ್ಯೂಟರ್ ಕೂಡ ಅದರಡಿ ಕೆಂಪು ಗೆರೆ ಎಳೆದಿರಲಿಲ್ಲ. ಆದರೆ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು ಅದನ್ನು ಓದಿದರೆ ‘ಪ್ರತಿ ಪ್ರಾಜೆಕ್ಟಿನಲ್ಲೂ ನಾನು ಭೇಟಿಗೆ ಬರುತ್ತೇನೆಂದು ಹೇಳಿ, ಬಾರದೆ, ಮ್ಯಾನೇಜರನ್ನು ಕಾಯಿಸಿ ಕೈಕೊಟ್ಟೆ’ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಒಂದು ಪುಟ್ಟ ‘ಟು’ ಬಿಟ್ಟುಹೋದದ್ದರಿಂದ ಹೀಗಾಗಿದೆ ಎಂದುಕೊಂಡು, ಅದನ್ನು ಸೇರಿಸಿ ಅರ್ಜಿಯನ್ನು ಹಿಂದಿರುಗಿಸಿದೆ. ನನ್ನ ತಿದ್ದುಪಡಿಯೂ ತಪ್ಪಾಗಿತ್ತೆಂದು ತಿಳಿದದ್ದು ಎರಡು ದಿನಗಳ ಬಳಿಕ. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ.

ಒತ್ತಡಕ್ಕೆ ಎದುರು ನಿಲ್ಲುವುದನ್ನು, ಅಥವಾ ಅದನ್ನು ತಾಳಿಕೊಳ್ಳುವುದನ್ನು ಹೇಳುವ ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳು, ಅಂದರೆ ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳು, ಹಲವಿವೆ. ಅವುಗಳಲ್ಲಿ ನಮ್ಮವರು ಹೆಚ್ಚಾಗಿ ಬಳಸುವುದೂ, ಹೆಚ್ಚಾಗಿ ಕೆಡಿಸುವುದೂ ‘ಸ್ಟ್ಯಾಂಡ್ ಅಪ್ ಟು’ ಎಂಬುದನ್ನು. ಈ ಬರಹ ಮುಖ್ಯವಾಗಿ ಅದರ ದೋಷಗಳನ್ನು ಹುಡುಕುವುದಕ್ಕಾಗಿ. ‘ಹೋಲ್ಡ್ ಔಟ್’, ‘ಪುಟ್ ಅಪ್ ವಿತ್’ ಮುಂತಾದ ನೆಂಟರ ವಿಚಾರ ಅಗತ್ಯ ಬಿದ್ದಾಗ ಬರುತ್ತದೆ. ಮೂಲ ಕ್ರಿಯಾಪದದ ನಂತರ ಬರುವ ‘ಅಪ್’, ‘ಔಟ್’, ‘ಟು’, ‘ಫಾರ್’ಗಳನ್ನು ಅನುಕೂಲಕ್ಕಾಗಿ ಬಾಲಪದಗಳೆಂದು ಕರೆಯುತ್ತೇನೆ.

ಇಂಗ್ಲಿಷಿಗೆ ಕೈಹಾಕುವ ಮೊದಲು

ಪಂಪ್‌ಸೆಟ್ ಓಡದಿದ್ದಾಗ ಅನುಭವಸ್ಥ ಮೆಕ್ಯಾನಿಕ್ ಮೋಟಾರನ್ನು ಬಿಚ್ಚುವುದಕ್ಕೆ ಮೊದಲು ಫ್ಯೂಸ್ ನೋಡುತ್ತಾನೆ. ನಮ್ಮ ಇಂಗ್ಲಿಷ್ ವಾಕ್ಯಗಳ ಫ್ಯೂಸ್ ಇರುವುದು ಅವುಗಳ ಅಡಿಯಲ್ಲಿ ಅಡಗಿರುವ ಕನ್ನಡ ವಾಕ್ಯದಲ್ಲಿ. ಆದ್ದರಿಂದ ಮೊದಲ ಪರೀಕ್ಷೆ ಯಾವಾಗಲೂ ಒಂದೇ: ಬರೆದವರನ್ನು, ಅಥವಾ ಬರೆದದ್ದು ನೀವೇ ಆಗಿದ್ದರೆ ನಿಮ್ಮನ್ನೇ, ‘ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ?’ ಎಂದು ಕೇಳಬೇಕು. ಉತ್ತರದಲ್ಲಿ ಬಂದ ಕ್ರಿಯಾಪದವನ್ನೂ ಅದರ ಹಿಂದಿನ ವಿಭಕ್ತಿಯನ್ನೂ ಗುರುತು ಹಾಕಿಕೊಳ್ಳಬೇಕು.

ಉತ್ತರ ‘ಎದುರು ನಿಂತೆ’, ‘ಮಣಿಯಲಿಲ್ಲ’, ‘ಜಗ್ಗಲಿಲ್ಲ’, ‘ಸೆಡ್ಡು ಹೊಡೆದೆ’ ಎಂಬ ಗುಂಪಿನದಾದರೆ ‘ಸ್ಟ್ಯಾಂಡ್ ಅಪ್ ಟು’ ಸರಿಯಾದ ಆಯ್ಕೆ. ‘ಈ ಚಪ್ಪಲಿ ಮಳೆಗೆ ತಾಳುತ್ತದೆ’, ‘ಈ ಬಣ್ಣ ಬಿಸಿಲಿಗೆ ಬಾಳಿಕೆ ಬರುತ್ತದೆ’ ಎಂಬಂತೆ ವಸ್ತುವಿನ ಗಟ್ಟಿತನದ ಮಾತಾದರೂ ಅದೇ ಕ್ರಿಯಾಪದ ನಡೆಯುತ್ತದೆ. ‘ಸಹಿಸಿಕೊಂಡು ಹೋದೆ’ ಎಂದಾದರೆ ನಡೆಯುವುದಿಲ್ಲ, ಅಲ್ಲಿ ಬೇಕಾದದ್ದು ‘ಪುಟ್ ಅಪ್ ವಿತ್’. ‘ಪರವಾಗಿ ನಿಂತೆ’ ಎಂದಾದರೆ ‘ಸ್ಟ್ಯಾಂಡ್ ಅಪ್ ಫಾರ್’. ತೊಂದರೆ ಕೊಡುವುದು ‘ಎದುರಿಸಿದೆ’ ಮತ್ತು ‘ತಡೆದುಕೊಂಡೆ’ ಎಂಬ ಎರಡು ಉತ್ತರಗಳು. ‘ಎದುರಿಸಿದೆ’ ಎಂದರೆ ತಿರುಗಿಬಿದ್ದದ್ದೂ ಆಗಬಹುದು, ಪರೀಕ್ಷೆಯನ್ನೋ ಸಂದರ್ಶನವನ್ನೋ ಸುಮ್ಮನೆ ಹಾದುಬಂದದ್ದೂ ಆಗಬಹುದು. ‘ತಡೆದುಕೊಂಡೆ’ ಎಂಬುದರ ಒಳಗೆ ಪ್ರತಿರೋಧ ಇದ್ದೇ ಇರಬೇಕೆಂದಿಲ್ಲ. ಹಲ್ಲುನೋವನ್ನೂ ತಡೆದುಕೊಳ್ಳುತ್ತೇವೆ, ಅತ್ತೆಯ ಮಾತನ್ನೂ ತಡೆದುಕೊಳ್ಳುತ್ತೇವೆ. ಇಂಥ ಉತ್ತರ ಬಂದಾಗ ಇನ್ನೊಂದು ಪ್ರಶ್ನೆ ಕೇಳದೆ ಮುಂದುವರಿಯಬಾರದು: ಒತ್ತಡ ಹೇರಿದವರಿಗೆ ನೀವು ‘ಇಲ್ಲ’ ಎಂದಿರೋ, ಇಲ್ಲವೋ?

ಬಾಲಪದ ಬದಲಾದರೆ ಅರ್ಥ ಬದಲಾಗುವುದು ಇಂಗ್ಲಿಷಿನದೇ ಕಾಟವೆಂದು ದೂರುವವರು ಕನ್ನಡದ ‘ತಡೆ’ಯನ್ನೇ ಒಮ್ಮೆ ನೋಡಬೇಕು. ‘ತಡೆದ’ ಎಂದರೆ ಇನ್ನೊಬ್ಬರನ್ನು ಮುಂದೆ ಹೋಗಗೊಡಲಿಲ್ಲ. ‘ತಡೆದುಕೊಂಡ’ ಎಂದರೆ ತಾನೇ ತಾಳಿದ. ‘ಕೊಳ್ಳು’ ಎಂಬ ಬಾಲ ಕ್ರಿಯೆಯ ದಿಕ್ಕನ್ನೇ ತಿರುಗಿಸಿತು. ‘ಹೇಳಿಬಿಡು’ ಎಂಬಲ್ಲಿ ಯಾರೂ ಏನನ್ನೂ ಬಿಡುವುದಿಲ್ಲ, ‘ಬಿದ್ದುಹೋಯಿತು’ ಎಂಬಲ್ಲಿ ಬಿದ್ದದ್ದು ಎಲ್ಲಿಗೂ ಹೋಗುವುದಿಲ್ಲ. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ, ಕ್ರಿಯಾಪದಕ್ಕೆ ಹೀಗೆ ಚಿಕ್ಕ ಪದ ಜೋಡಿಸುವ ಪದ್ಧತಿ ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುತ್ತದೆಂದು ಒಪ್ಪಿಕೊಂಡಿದ್ದಾರೆ. ಕನ್ನಡ ಕಲಿಯಲು ಬಂದ ಪರಭಾಷಿಕರು ‘ಬಿಡು’, ‘ಕೊಳ್ಳು’, ‘ಹೋಗು’ಗಳ ಬಗ್ಗೆ ಅದನ್ನೇ ಹೇಳುತ್ತಾರೆ.

ಲಕ್ಷಣ: ‘ಟು’ ಮಾಯವಾಗಿದೆ

‘ದಿಸ್ ರೂಫ್ ವಿಲ್ ಸ್ಟ್ಯಾಂಡ್ ಅಪ್ ಹೆವಿ ರೇನ್’ ಎಂಬ ಬಗೆಯ ವಾಕ್ಯ ಇದರ ಗುರುತು. ಇದಕ್ಕೆ ಎರಡು ಕಾರಣಗಳಿವೆ, ಎರಡೂ ಒಂದಕ್ಕೊಂದು ಸಂಬಂಧವಿಲ್ಲದವು.

ಮೊದಲನೆಯದು ಕಿವಿಯದು. ಈ ಮೂರು ಪದಗಳನ್ನು ಇಂಗ್ಲಿಷ್ ಮಾತೃಭಾಷೆಯವರು ಉಚ್ಚರಿಸುವಾಗ ಒತ್ತು ಬೀಳುವುದು ‘ಅಪ್’ ಮೇಲೆ. ‘ಟು’ ಪೂರ್ತಿಯಾಗಿ ‘ಟು’ ಎಂದು ಕೇಳಿಸದೆ ‘ಟ’ ಎಂಬಂತೆ ಹಿಂದಿನ ‘ಅಪ್’ಗೆ ಅಂಟಿಕೊಂಡು ಹೋಗಿಬಿಡುತ್ತದೆ. ಕಿವಿಯಿಂದ ಕಲಿತವರಿಗೆ ಅದು ಇದ್ದದ್ದೇ ತಿಳಿದಿರುವುದಿಲ್ಲ. ಎರಡನೆಯದು ನಮ್ಮ ವಿಭಕ್ತಿಯದು. ‘ಚಳಿ ತಡೆದುಕೊಂಡ’, ‘ನೋವು ತಡೆದುಕೊಂಡ’ ಎನ್ನುವಾಗ ಕರ್ಮಪದಕ್ಕೆ ‘ಅನ್ನು’ ಹಚ್ಚುವ ಅಗತ್ಯವೂ ನಮಗೆ ಬೀಳುವುದಿಲ್ಲ. ಅಚೇತನ ವಸ್ತುವಾದರೆ ಪ್ರತ್ಯಯ ಸಲೀಸಾಗಿ ಬಿದ್ದುಹೋಗುತ್ತದೆ. ಪ್ರತ್ಯಯವಿಲ್ಲದ ಕನ್ನಡ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆ ಇಂಗ್ಲಿಷಿನಲ್ಲೂ ಕ್ರಿಯಾಪದ ಮತ್ತು ಕರ್ಮದ ನಡುವೆ ಏನೂ ಬೇಡವೆಂದು ತೋರುವುದು ಸಹಜ.

ಪರಿಹಾರಕ್ಕೆ ಕನ್ನಡವನ್ನೇ ಕೊಂಚ ಬದಲಾಯಿಸಿಕೊಳ್ಳಬೇಕು. ‘ಮಳೆಯನ್ನು ತಡೆದುಕೊಳ್ಳುತ್ತದೆ’ ಎಂದು ಯೋಚಿಸುವ ಬದಲು ‘ಮಳೆಗೆ ತಾಳುತ್ತದೆ’ ಎಂದೂ, ‘ಒತ್ತಡವನ್ನು ಎದುರಿಸಿದಳು’ ಎನ್ನುವ ಬದಲು ‘ಒತ್ತಡಕ್ಕೆ ಮಣಿಯಲಿಲ್ಲ’ ಎಂದೂ ಯೋಚಿಸಿ. ಆ ‘ಗೆ’ ಅಥವಾ ‘ಕ್ಕೆ’ ಇರುವ ಜಾಗದಲ್ಲಿ ‘ಟು’ ಕೂರುತ್ತದೆ. ‘ಅನ್ನು’ ರೂಪವೇ ಬೇಕೆಂದು ಹಟವಿದ್ದರೆ ಅದಕ್ಕೂ ಇಂಗ್ಲಿಷಿನಲ್ಲಿ ಪದಗಳಿವೆ: ‘ವಿತ್‌ಸ್ಟ್ಯಾಂಡ್’ ಮತ್ತು ‘ರೆಸಿಸ್ಟ್’, ಇವು ಬಾಲಪದದ ಹಂಗಿಲ್ಲದೆ ನೇರವಾಗಿ ಕರ್ಮವನ್ನು ಹಿಡಿಯುತ್ತವೆ. ‘ದ ರೂಫ್ ಸ್ಟ್ಯಾಂಡ್ಸ್ ಅಪ್ ಟು ರೇನ್’ ಎಂದರೂ ಸರಿ, ‘ದ ರೂಫ್ ವಿತ್‌ಸ್ಟ್ಯಾಂಡ್ಸ್ ರೇನ್’ ಎಂದರೂ ಸರಿ.

ಆದರೆ ‘ಟು’ ಇಲ್ಲದ ಪ್ರತಿಯೊಂದು ವಾಕ್ಯವನ್ನೂ ತಿದ್ದಲು ಹೊರಡಬಾರದು. ‘ದಿಸ್ ಎವಿಡೆನ್ಸ್ ವಿಲ್ ನಾಟ್ ಸ್ಟ್ಯಾಂಡ್ ಅಪ್ ಇನ್ ಕೋರ್ಟ್’ ಎಂಬುದು ನಿರ್ದುಷ್ಟವಾದ ವಾಕ್ಯ. ಯಾವ ಒತ್ತಡಕ್ಕೆ ಎಂಬುದನ್ನು ಅದು ಹೆಸರಿಸುತ್ತಿಲ್ಲ, ಎಲ್ಲಿ ಎಂಬುದನ್ನಷ್ಟೇ ಹೇಳುತ್ತಿದೆ. ಆದ್ದರಿಂದ ‘ಟು’ಗೆ ಅಲ್ಲಿ ಕೆಲಸವಿಲ್ಲ. ಪಾಟೀಸವಾಲನ್ನು ಹೆಸರಿಸಿದರೆ ಮಾತ್ರ ‘ಸ್ಟ್ಯಾಂಡ್ ಅಪ್ ಟು ಕ್ರಾಸ್ ಎಕ್ಸಾಮಿನೇಷನ್’ ಎಂದಾಗುತ್ತದೆ.

ಲಕ್ಷಣ: ಅರ್ಥ ತಲೆಕೆಳಗಾಗಿದೆ

ಎಲ್ಲ ದೋಷಗಳಲ್ಲಿ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ವ್ಯಾಕರಣದ ಯಾವ ಪರೀಕ್ಷೆಗೂ ಇದು ಸಿಕ್ಕಿಬೀಳುವುದಿಲ್ಲ. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಹುಡುಗನೊಬ್ಬ ಏರುದನಿಯಲ್ಲಿ ‘ವಿ ಮಸ್ಟ್ ಸ್ಟ್ಯಾಂಡ್ ಅಪ್ ಫಾರ್ ಕರಪ್ಷನ್’ ಎಂದದ್ದನ್ನು ನಾನು ಕೇಳಿದ್ದೇನೆ. ಸಭಿಕರು ಚಪ್ಪಾಳೆ ತಟ್ಟಿದರು. ಅವನು ಹೇಳಿದ್ದು ಭ್ರಷ್ಟಾಚಾರದ ಪರವಾಗಿ ನಾವೆಲ್ಲ ನಿಲ್ಲಬೇಕು ಎಂದು.

‘ಸ್ಟ್ಯಾಂಡ್ ಅಪ್ ಟು’ ನಂತರ ಬರುವುದು ಎದುರಾಳಿ. ‘ಸ್ಟ್ಯಾಂಡ್ ಅಪ್ ಫಾರ್’ ನಂತರ ಬರುವುದು ನಾವು ಕಾಪಾಡಬೇಕಾದದ್ದು. ಇಷ್ಟನ್ನು ಬಾಯಿಪಾಠ ಮಾಡಿದರೂ ತರಾತುರಿಯಲ್ಲಿ ಎರಡು ಅದಲುಬದಲಾಗುತ್ತವೆ. ‘ಇದು ಉಳಿಯಬೇಕೋ, ತೊಲಗಬೇಕೋ?’ ಎಂದು ಬಾಲಪದದ ನಂತರದ ನಾಮಪದವನ್ನು ಕೇಳುವುದು ನಾನು ಕಂಡ ಮಟ್ಟಿಗೆ ಕೈಕೊಡದ ಪರೀಕ್ಷೆ. ಉಳಿಯಬೇಕಾದದ್ದಾದರೆ ‘ಫಾರ್’, ಅದು ಕನ್ನಡದ ‘ಗಾಗಿ’. ತೊಲಗಬೇಕಾದದ್ದಾದರೆ ‘ಟು’. ‘ಅಗೇನ್‌ಸ್ಟ್’ ಎಂದು ಬರೆದರೂ ತಪ್ಪಲ್ಲ. ಅನ್ಯಾಯ, ಭ್ರಷ್ಟಾಚಾರದಂಥ ಅಮೂರ್ತ ಸಂಗತಿಗಳಿಗೆ ‘ಸ್ಟ್ಯಾಂಡ್ ಅಪ್ ಅಗೇನ್‌ಸ್ಟ್’ ಚೆನ್ನಾಗಿಯೇ ಒಪ್ಪುತ್ತದೆ, ಮತ್ತು ‘ವಿರುದ್ಧ’ ಎಂದು ಯೋಚಿಸುವ ಕನ್ನಡಿಗರಿಗೆ ಅದು ಸುರಕ್ಷಿತವಾದ ದಾರಿಯೂ ಹೌದು.

ಎರಡನ್ನೂ ಒಂದೇ ಘಟನೆಯಲ್ಲಿಟ್ಟು ನೋಡಲು ಕಿತ್ತೂರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ದತ್ತು ವಾರಸುದಾರನನ್ನು ಒಪ್ಪುವುದಿಲ್ಲವೆಂದು ಈಸ್ಟ್ ಇಂಡಿಯಾ ಕಂಪನಿ ಪಟ್ಟುಹಿಡಿದಾಗ ರಾಣಿ ಚೆನ್ನಮ್ಮ ಮಣಿಯಲಿಲ್ಲ. 1824ರ ಅಕ್ಟೋಬರಿನ ಕಾಳಗದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಇಂಗ್ಲಿಷಿನಲ್ಲಿ ಚೆನ್ನಮ್ಮ ‘ಸ್ಟುಡ್ ಅಪ್ ಟು ದ ಕಂಪನಿ’, ಮತ್ತು ‘ಸ್ಟುಡ್ ಅಪ್ ಫಾರ್ ಕಿತ್ತೂರು’. ಬಾಲಪದಗಳನ್ನು ಅದಲುಬದಲು ಮಾಡಿ ಓದಿದರೆ ಆಕೆ ಕಂಪನಿಯ ಪರವಾಗಿ ಕಿತ್ತೂರಿನ ಮೇಲೆ ತಿರುಗಿಬಿದ್ದಂತಾಗುತ್ತದೆ.

ಇದೇ ಉದಾಹರಣೆ ಇನ್ನೊಂದು ಸೂಕ್ಷ್ಮವನ್ನೂ ತೋರಿಸುತ್ತದೆ. ಕೋಟೆ ಕೊನೆಗೆ ಬಿದ್ದರೂ ಚೆನ್ನಮ್ಮನ ವಿಷಯದಲ್ಲಿ ‘ಸ್ಟುಡ್ ಅಪ್ ಟು’ ಎನ್ನುವುದು ಸತ್ಯವಾಗಿಯೇ ಉಳಿಯುತ್ತದೆ, ಏಕೆಂದರೆ ಮನುಷ್ಯರ ಮಟ್ಟಿಗೆ ಈ ಕ್ರಿಯಾಪದ ಎದುರು ನಿಂತದ್ದನ್ನು ಹೇಳುತ್ತದೆಯೇ ಹೊರತು ಗೆದ್ದದ್ದನ್ನಲ್ಲ. ವಸ್ತುವಿಗೋ ವಾದಕ್ಕೋ ಬಳಸಿದಾಗ ಹಾಗಲ್ಲ. ‘ದ ಕ್ಲೇಮ್ ಸ್ಟುಡ್ ಅಪ್ ಟು ಸ್ಕ್ರೂಟಿನಿ’ ಎಂದರೆ ಪರಿಶೀಲನೆಗೆ ಒಡ್ಡಿಕೊಂಡಿತು ಎಂದಷ್ಟೇ ಅರ್ಥವಲ್ಲ, ಪರಿಶೀಲನೆಯನ್ನು ದಾಟಿ ಉಳಿಯಿತು ಎಂದರ್ಥ. ಸೋರಿದ ಛಾವಣಿಯ ಬಗ್ಗೆ ‘ಸ್ಟುಡ್ ಅಪ್ ಟು ರೇನ್’ ಎಂದು ಬರೆದರೆ ಅದು ವ್ಯಾಕರಣದ ದೋಷವಲ್ಲ, ಸುಳ್ಳು.

ಲಕ್ಷಣ: ‘ಟು’ ಇದೆ, ಆದರೂ ವಾಕ್ಯ ನಿಲ್ಲುತ್ತಿಲ್ಲ

ಶಾಲೆಯಲ್ಲಿ ‘ಪಿಕ್ ಇಟ್ ಅಪ್’, ‘ಟರ್ನ್ ಇಟ್ ಆಫ್’ ಎಂದು ಸರ್ವನಾಮವನ್ನು ನಡುವೆ ಸಿಕ್ಕಿಸುವುದನ್ನು ಕಲಿತ ಶ್ರದ್ಧಾವಂತ ವಿದ್ಯಾರ್ಥಿಗಳು ಆ ನಿಯಮವನ್ನು ಇಲ್ಲಿಗೂ ತಂದು ‘ಐ ಸ್ಟುಡ್ ಹಿಮ್ ಅಪ್ ಟು’ ಎಂದು ಬರೆಯುತ್ತಾರೆ. ಮೂರು ಪದಗಳ ಈ ಜಾತಿಯ ಕ್ರಿಯಾಪದಗಳನ್ನು ಒಡೆದು ಕರ್ಮವನ್ನು ನಡುವೆ ಇಡುವಂತಿಲ್ಲ. ನಾಮಪದವಾಗಲಿ ಸರ್ವನಾಮವಾಗಲಿ ‘ಟು’ ನಂತರವೇ ಬರಬೇಕು. ‘ಸ್ಟುಡ್ ಅಪ್ ಬ್ರೇವ್‌ಲಿ ಟು ಹಿಮ್’ ಎಂಬಂತೆ ಕ್ರಿಯಾವಿಶೇಷಣವೊಂದು ನುಸುಳಬಹುದು, ಅಷ್ಟೇ.

‘ಟು’ ನಂತರ ಕ್ರಿಯಾಪದದ ಮೂಲರೂಪ ಬಂದಿದೆಯೇ ಎಂದೂ ನೋಡಿ. ‘ಶೀ ಸ್ಟುಡ್ ಅಪ್ ಟು ಆನ್ಸರ್’ ಎಂದರೆ ಉತ್ತರ ಹೇಳಲು ಬೆಂಚಿನಿಂದ ಎದ್ದು ನಿಂತಳು ಎಂದರ್ಥ. ಅಲ್ಲಿನ ‘ಟು’ ಕನ್ನಡದ ‘ಲು’, ‘ಗೆ’ ಅಲ್ಲ. ನಮ್ಮ ಕ್ರಿಯಾಪದಕ್ಕೆ ಬೇಕಾದ ‘ಟು’ ನಂತರ ನಾಮಪದ ಇರಬೇಕು, ಕ್ರಿಯೆಯೇ ಬರಬೇಕಾದರೆ ಅದು ‘ಇಂಗ್’ ರೂಪದಲ್ಲಿರಬೇಕು: ‘ಸ್ಟುಡ್ ಅಪ್ ಟು ಬೀಯಿಂಗ್ ಬುಲ್ಲಿಡ್’.

ಪ್ರಶ್ನೆಗಳಲ್ಲಿ ಇನ್ನೊಂದು ಬಗೆಯ ಕಷ್ಟವಿದೆ. ‘ನೀನು ಯಾರಿಗೆ ಮಣಿಯಲಿಲ್ಲ?’ ಎನ್ನುವಾಗ ಕನ್ನಡದ ‘ಗೆ’ ಪ್ರಶ್ನಾರ್ಥಕ ಪದದ ಮೈಗೆ ಅಂಟಿಕೊಂಡು ಮುಂದಕ್ಕೆ ಬರುತ್ತದೆ, ವಾಕ್ಯ ಕ್ರಿಯಾಪದದಲ್ಲಿ ಗಟ್ಟಿಯಾಗಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆಯ ಪದ ಮುಂದಕ್ಕೆ ಹೋಗಿ ‘ಟು’ ಒಂಟಿಯಾಗಿ ಬಾಗಿಲಲ್ಲೇ ಉಳಿಯುತ್ತದೆ: ‘ಹೂ ಡಿಡ್ ಯು ಸ್ಟ್ಯಾಂಡ್ ಅಪ್ ಟು?’ ನಮ್ಮ ಕಿವಿಗೆ ಅದು ಅರ್ಧಕ್ಕೆ ನಿಂತ ಮಾತಿನಂತೆ ಕೇಳಿಸುವುದರಿಂದ ಕೊನೆಯ ‘ಟು’ವನ್ನು ನಾವು ಅಳಿಸಿಬಿಡುತ್ತೇವೆ, ಇಲ್ಲವೇ ‘ಟು ಹೂಮ್’ ಎಂದು ಮುಂದಕ್ಕೆ ಎಳೆದು ವಾಕ್ಯವನ್ನು ಸೆಟೆಸಿಬಿಡುತ್ತೇವೆ. ಎರಡೂ ಬೇಡ, ಅದು ಅಲ್ಲಿಯೇ ನೇತಾಡಿಕೊಂಡಿರಲಿ.

ಲಕ್ಷಣ: ಬೇಡದ ಬಿಡಿಭಾಗ ಸೇರಿಕೊಂಡಿದೆ

‘ಕೋಪ್ ಅಪ್ ವಿತ್’ ಎಂಬುದು ಕರ್ನಾಟಕದಲ್ಲಿ ಮಾತ್ರವಲ್ಲ, ಭಾರತದ ಉದ್ದಗಲಕ್ಕೂ ಹಬ್ಬಿರುವ ಪ್ರಯೋಗ. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಎಂದು ಸಾಲಾಗಿ ಕಲಿತ ನಾಲಿಗೆ ‘ಕೋಪ್’ ಬಂದಾಗಲೂ ತಾನೇ ತಾನಾಗಿ ಒಂದು ‘ಅಪ್’ ತುರುಕುತ್ತದೆ. ಸರಿಯಾದದ್ದು ‘ಕೋಪ್ ವಿತ್’, ಅಂದರೆ ನಿಭಾಯಿಸು. ಮಾತಿನಲ್ಲಿ ಇದನ್ನು ತಿದ್ದುತ್ತಾ ಕೂರುವುದು ಸ್ನೇಹಕ್ಕೆ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಬರಹದಲ್ಲಿ ಕಂಡರೆ ‘ಅಪ್’ವನ್ನು ಹೊಡೆದುಹಾಕಬೇಕು.

‘ವಿತ್‌ಸ್ಟ್ಯಾಂಡ್ ಅಗೇನ್‌ಸ್ಟ್’, ‘ರೆಸಿಸ್ಟ್ ಅಗೇನ್‌ಸ್ಟ್’, ‘ರೆಸಿಸ್ಟ್ ಟು’ ಎಂಬವೂ ಇದೇ ಜಾತಿಯವು. ಹಳೆಯ ಇಂಗ್ಲಿಷಿನಲ್ಲಿ ‘ವಿತ್’ ಎಂದರೆ ‘ಜೊತೆಗೆ’ ಎಂದಲ್ಲ, ‘ಎದುರಾಗಿ’ ಎಂದರ್ಥವಿತ್ತು. ಅಂದರೆ ‘ವಿತ್‌ಸ್ಟ್ಯಾಂಡ್’ ಎಂಬ ಪದದೊಳಗೇ ‘ಎದುರು ನಿಲ್ಲು’ ಎಂಬುದು ಇಡಿಯಾಗಿ ಕೂತಿದೆ. ‘ರೆಸಿಸ್ಟ್’ ಕೂಡ ಲ್ಯಾಟಿನ್ನಿನ ನಿಲ್ಲುವ ಅರ್ಥದ ಧಾತುವಿನಿಂದಲೇ ಬಂದದ್ದು. ಇವುಗಳಿಗೆ ಮತ್ತೆ ‘ಅಗೇನ್‌ಸ್ಟ್’ ಹಚ್ಚುವುದು ನಾವು ‘ನಡುಮಧ್ಯೆ’ ಎಂದಂತೆ. ವ್ಯತ್ಯಾಸವಿಷ್ಟೇ, ‘ನಡುಮಧ್ಯೆ’ಯನ್ನು ಕನ್ನಡ ಒಪ್ಪಿಕೊಂಡಿದೆ, ‘ವಿತ್‌ಸ್ಟ್ಯಾಂಡ್ ಅಗೇನ್‌ಸ್ಟ್’ ಅನ್ನು ಇಂಗ್ಲಿಷ್ ಒಪ್ಪಿಕೊಂಡಿಲ್ಲ.

ಲಕ್ಷಣ: ಬೇಕಾಗಿದ್ದದ್ದೇ ಬೇರೆ ಕ್ರಿಯಾಪದ

ಬಾಲಪದ, ಕ್ರಮ, ರೂಪ ಎಲ್ಲ ಸರಿಯಿದ್ದೂ ವಾಕ್ಯ ಒಪ್ಪದಿದ್ದರೆ ತಪ್ಪು ಯಂತ್ರವನ್ನೇ ತಂದು ಕೂರಿಸಲಾಗಿದೆ. ‘ಅವರ್ ಫ್ರೀಡಂ ಫೈಟರ್ಸ್ ಪುಟ್ ಅಪ್ ವಿತ್ ದ ಬ್ರಿಟಿಷ್’ ಎಂದು ಪ್ರಬಂಧದಲ್ಲಿ ಬರೆದ ವಿದ್ಯಾರ್ಥಿನಿಗೆ ಗೊತ್ತಿಲ್ಲದೆ ಸ್ವಾತಂತ್ರ್ಯ ಹೋರಾಟಗಾರರು ಬ್ರಿಟಿಷರನ್ನು ಗೊಣಗುತ್ತಾ ಸಹಿಸಿಕೊಂಡು ಸಂಸಾರ ಮಾಡಿಬಿಟ್ಟರು. ‘ಪುಟ್ ಅಪ್ ವಿತ್’ ಸೊಳ್ಳೆ ಕಾಟಕ್ಕೆ, ಪಕ್ಕದ ಮನೆಯ ಸದ್ದಿಗೆ, ತಡವಾಗಿ ಬರುವ ಬಸ್ಸಿಗೆ ಹೇಳಿದ ಮಾತು.

‘ಹೋಲ್ಡ್ ಔಟ್’ ಎಂಬುದರಲ್ಲಿ ಮುಖ್ಯವಾದದ್ದು ಕಾಲ: ಎಷ್ಟು ದಿನ ಶರಣಾಗದೆ ಉಳಿದರು ಎಂಬುದು. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿತು. ಕರ್ನಲ್ ಕ್ಯಾಂಪ್‌ಬೆಲ್‌ನ ನೇತೃತ್ವದ ಕಂಪನಿಯ ಪಡೆ ಹಸಿವು, ಕಾಯಿಲೆಗಳ ನಡುವೆ 1784ರ ಜನವರಿ ಕೊನೆಯವರೆಗೆ ಉಳಿದು, ಆಮೇಲೆ ಕೋಟೆಯನ್ನು ಒಪ್ಪಿಸಿತು. ಇದನ್ನು ‘ದ ಗ್ಯಾರಿಸನ್ ಹೆಲ್ಡ್ ಔಟ್ ಅಗೇನ್‌ಸ್ಟ್ ಟಿಪ್ಪು ಫಾರ್ ಎಯ್ಟ್ ಮಂತ್ಸ್’ ಎನ್ನುತ್ತಾರೆ. ‘ಸ್ಟುಡ್ ಅಪ್ ಟು ಟಿಪ್ಪು’ ಎಂದರೆ ಎದೆಗಾರಿಕೆ ಮುಂದೆ ಬಂದು ಎಂಟು ತಿಂಗಳ ಬವಣೆ ಹಿಂದೆ ಸರಿಯುತ್ತದೆ. ಇಲ್ಲಿನ ‘ಫಾರ್’ ಅವಧಿಯದು ಎಂಬುದನ್ನು ಗಮನಿಸಿ. ‘ಹೋಲ್ಡ್ ಔಟ್ ಫಾರ್ ಎ ಬೆಟರ್ ಪ್ರೈಸ್’ ಎಂದಾಗ ಅದು ಹೆಚ್ಚಿನ ಬೆಲೆಗಾಗಿ ಪಟ್ಟು ಹಿಡಿದು ಕಾಯುವುದಾಗುತ್ತದೆ, ಅಡಿಕೆಯನ್ನು ಮಾರದೆ ಮನೆಯಲ್ಲಿಟ್ಟುಕೊಂಡ ಬೆಳೆಗಾರನಿಗೆ ಹೇಳಿ ಮಾಡಿಸಿದಂತೆ. ‘ಹೋಲ್ಡ್ ಔಟ್ ಆನ್’ ಎಂದಾದರೆ ವಿಷಯ ಮುಚ್ಚಿಡುವುದು.

‘ಹೋಲ್ಡ್ ಅಪ್’ ಬಗ್ಗೆ ಎಚ್ಚರವಿರಲಿ. ‘ದ ಬ್ರಿಡ್ಜ್ ಹೆಲ್ಡ್ ಅಪ್ ಅಂಡರ್ ದ ಟ್ರಾಫಿಕ್’ ಎಂದರೆ ಸೇತುವೆ ಭಾರಕ್ಕೆ ತಾಳಿತು. ‘ಅಂಡರ್’ ಬಿಟ್ಟರೆ ಸೇತುವೆಯೇ ವಾಹನಗಳನ್ನು ತಡೆದು ನಿಲ್ಲಿಸಿದಂತಾಗುತ್ತದೆ. ಮತ್ತೆ ನಮ್ಮ ‘ತಡೆ’, ‘ತಡೆದುಕೊ’ಗಳದೇ ಕಥೆ. ದುಃಖದಲ್ಲೂ ಕುಸಿಯದೆ ಧೈರ್ಯವಾಗಿರುವುದನ್ನು ಹೇಳುವ ‘ಬೇರ್ ಅಪ್’ ಎಂಬುದನ್ನು ಸಾವುನೋವಿನ ಮನೆಗೆ ಮೀಸಲಿಡಿ.

ಆ ಅರ್ಜಿಯಲ್ಲಿ ಆದದ್ದು

‘ಟು’ ಸೇರಿಸಿ ಕೊಟ್ಟ ಅರ್ಜಿಯನ್ನು ಹಿಡಿದು ಪರಿಚಿತರು ಮತ್ತೆ ಬಂದರು. ಅವರ ಸಹೋದ್ಯೋಗಿಯೊಬ್ಬರು ಓದಿ, ‘ಪ್ರತಿ ಪ್ರಾಜೆಕ್ಟಿನಲ್ಲೂ ಮ್ಯಾನೇಜರಿಗೆ ತಿರುಗಿಬಿದ್ದೆ ಎಂದು ಬರೆದುಕೊಂಡರೆ ನಿಮಗೆ ಕೆಲಸ ಯಾರು ಕೊಡುತ್ತಾರೆ?’ ಎಂದು ಕೇಳಿದ್ದರಂತೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ. ‘ಮ್ಯಾನೇಜರ್ ಎಷ್ಟೇ ಪ್ರೆಷರ್ ಹಾಕಿದರೂ ತಡೆದುಕೊಂಡು, ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದೀನಿ, ಅದನ್ನೇ ಬರೆದಿರೋದು’ ಎಂದರು. ‘ಇಲ್ಲ’ ಎಂದು ಅವರು ಮ್ಯಾನೇಜರಿಗೆ ಒಮ್ಮೆಯೂ ಹೇಳಿರಲಿಲ್ಲ. ಎದುರು ನಿಂತ ಪ್ರಸಂಗವೇ ಇಲ್ಲದ ಕಡೆ ನಾನು ಎದುರು ನಿಲ್ಲುವ ಕ್ರಿಯಾಪದವನ್ನು ಮುತುವರ್ಜಿಯಿಂದ ದುರಸ್ತಿ ಮಾಡಿದ್ದೆ. ಇಡೀ ವಾಕ್ಯವನ್ನು ಹೊಡೆದು ‘ಐ ಕೋಪ್ಡ್ ವಿತ್ ಪ್ರೆಷರ್ ಅಂಡ್ ಮೆಟ್ ಎವ್ರಿ ಡೆಡ್‌ಲೈನ್’ ಎಂದು ಬರೆದುಕೊಟ್ಟೆ. ಅವರು ಮನೆಗೆ ಹೋಗಿ ಟೈಪ್ ಮಾಡಿ ಕಳುಹಿಸಿದ ಅಂತಿಮ ಪ್ರತಿಯಲ್ಲಿ ಅದು ‘ಕೋಪ್ಡ್ ಅಪ್ ವಿತ್’ ಎಂದಾಗಿತ್ತು.